ಎರಡರಲ್ಲಿ ಯಾವುದು ಹೋದರೂ ಉಳಿಯುವುದು

ಕಂಪ್ಯೂಟರ್ ಬೇರೆ, ವಿಂಡೋಸ್ ಬೇರೆ. ಕೇಳಿದರೆ ಯಾರೂ ಅಲ್ಲವೆನ್ನುವುದಿಲ್ಲ. ಆದರೆ ಈ ಮಾತು ಮನಸ್ಸಿಗೆ ಇಳಿಯುವುದು ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್‌ಗಳನ್ನು ಕೂರಿಸಿದ ಮೇಲೆಯೇ. ಅಂಗಡಿಯಿಂದ ತಂದ ಯಂತ್ರ ಗುಂಡಿ ಒತ್ತಿದ ಕೂಡಲೇ ವಿಂಡೋಸ್ ತೋರಿಸುತ್ತದೆ. ವರ್ಷಗಟ್ಟಲೆ ಅದನ್ನೇ ಕಂಡವರಿಗೆ ಯಂತ್ರದ ಮುಖವೇ ಅದು ಅನ್ನಿಸಿಬಿಟ್ಟಿರುತ್ತದೆ. ಲಿನಕ್ಸ್‌ಗೂ ಜಾಗ ಕೊಟ್ಟಮೇಲೆ ಮೊದಲು ಕಾಣುವುದು ಗ್ರಬ್ ಎಂಬ ಪುಟ್ಟ ತಂತ್ರಾಂಶದ ಪಟ್ಟಿ. ಮೇಲೆ ಲಿನಕ್ಸ್‌ನ ಒಂದು ರೂಪವಾದ ಉಬುಂಟು, ಕೆಳಗೆ ವಿಂಡೋಸ್. ಯಾವುದು ಬೇಕೆಂದು ಹೇಳಬೇಕು. ಹೇಳದಿದ್ದರೆ ಕೆಲವು ಸೆಕೆಂಡು ಕಾದು, ಮೇಲಿನದನ್ನೇ ಅದು ಶುರುಮಾಡುತ್ತದೆ. ಇಷ್ಟು ಕಾಲ ನಾವು ಆಯ್ಕೆಯನ್ನೇ ಮಾಡಿರಲಿಲ್ಲ, ನಮ್ಮ ಪರವಾಗಿ ಬೇರೆ ಯಾರೋ ಮಾಡಿದ್ದರು ಎಂಬುದು ಆ ಪಟ್ಟಿಯ ಮುಂದೆ ಸ್ಪಷ್ಟವಾಗುತ್ತದೆ.

ನನಗೆ ಎರಡೂ ಬೇಕಾದದ್ದು ಕನ್ನಡದ ಕಾರಣಕ್ಕೆ. ಬರೆಯಲು ನನಗೆ ಲಿನಕ್ಸ್ ಹಿತ. ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಲೋಹಿತ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ. ಬರೆದದ್ದು ಪುಸ್ತಕವಾಗಬೇಕಾದರೆ ಮಾತ್ರ ಡಿಟಿಪಿ ಮಾಡುವವರ ಹತ್ತಿರ ಹೋಗಬೇಕು. ಅಲ್ಲಿ ಇಂದಿಗೂ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶ ಇದೆ, ನುಡಿ ಫಾಂಟ್ ಇದೆ. ಪೇಜ್‌ಮೇಕರ್ ಲಿನಕ್ಸ್‌ಗೆ ಬಂದೇ ಇಲ್ಲ. ಹೀಗಾಗಿ ಒಂದು ಕಡೆ ಬರೆಯುವುದು, ಇನ್ನೊಂದು ಕಡೆ ಪುಟ ತಿದ್ದುವುದು.

ಒಂದು ಡಿಸ್ಕಿನ ಮೇಲೆ ಎರಡನ್ನೂ ಇಡುವ ಕೆಲಸ ಕಷ್ಟದ್ದಲ್ಲ. ಎಚ್ಚರ ಬೇಡುವುದು ಪೂರ್ವಸಿದ್ಧತೆ. ಮೊದಲು ಎಲ್ಲದರ ಪ್ರತಿ ಹೊರಗಿನ ಡಿಸ್ಕಿಗೆ ಹೋಗಬೇಕು. ಡಿಸ್ಕಿಗೆ ವಿಂಡೋಸ್‌ನ ಬಿಟ್‌ಲಾಕರ್ ಬೀಗವಿದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ವಿಂಡೋಸ್‌ನ ಒಳಗಿನಿಂದಲೇ ಅದರ ಭಾಗವನ್ನು ಕುಗ್ಗಿಸಿ, ಬಿಡುಗಡೆಯಾದ ಜಾಗದಲ್ಲಿ ಲಿನಕ್ಸ್ ಕೂರಿಸುವುದು. ಒಂದೇ ಹೊಲವನ್ನು ಪಾಲು ಮಾಡಿಕೊಂಡ ಅಣ್ಣತಮ್ಮಂದಿರು ನಡುವೆ ಬದು ಹಾಕುವಂತೆ ಇಲ್ಲಿಯೂ ಗೆರೆ ಮೊದಲೇ ಖಚಿತವಾಗಿರಬೇಕು. ಗೆರೆ ಖಚಿತವಿದ್ದರೆ ಇಬ್ಬರೂ ತಮ್ಮ ಪಾಡಿಗೆ ಇರುತ್ತಾರೆ.

ತಕರಾರು ಹುಟ್ಟುವುದು ಹಂಚಲಾಗದ ವಸ್ತುಗಳಲ್ಲಿ. ಗಡಿಯಾರವನ್ನೇ ನೋಡಿ. ಮದರ್‌ಬೋರ್ಡಿನ ಮೇಲಿರುವುದು ಒಂದೇ ಗಡಿಯಾರ. ಅದರಲ್ಲಿರುವುದು ಸ್ಥಳೀಯ ಸಮಯವೆಂದು ವಿಂಡೋಸ್ ನಂಬುತ್ತದೆ. ಡಾಸ್ ಕಾಲದಿಂದ ಬಂದ ರೂಢಿ ಅದು. ಲಿನಕ್ಸ್ ಅಲ್ಲಿ ವಿಶ್ವಸಮಯವನ್ನು ಇಟ್ಟು, ಭಾರತದ ಐದೂವರೆ ಗಂಟೆಯನ್ನು ತಾನೇ ಕೂಡಿಸಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಕೆಲಸ ಮುಗಿಸಿ ವಿಂಡೋಸ್‌ಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದೆ ಬಿದ್ದಿರುತ್ತದೆ. ಯಾರ ಗಡಿಯಾರವೂ ಕೆಟ್ಟಿಲ್ಲ. ಇಬ್ಬರ ಲೆಕ್ಕವೂ ಸರಿ, ಇಬ್ಬರೂ ಒಂಟಿಯಾಗಿ ಬದುಕುವವರ ಲೆಕ್ಕ ಹಾಕಿದ್ದಾರೆ ಅಷ್ಟೆ. ಒಬ್ಬರ ರೂಢಿಯನ್ನು ಇನ್ನೊಬ್ಬರು ಒಪ್ಪುವಂತೆ ಒಂದು ಕಡೆ ಒಂದು ಸೆಟ್ಟಿಂಗ್ ಬದಲಿಸಿದರೆ ತೊಂದರೆ ಮುಗಿಯಿತು.

ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಸೌಲಭ್ಯ ಇನ್ನೂ ಸೂಕ್ಷ್ಮವಾದದ್ದು. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಮುಚ್ಚುವುದಲ್ಲ. ಬೇಗ ಏಳಲು ಅನುಕೂಲವಾಗಲೆಂದು ವಿಂಡೋಸ್ ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗಿರುತ್ತದೆ. ಲಿನಕ್ಸ್‌ಗೆ ಇದು ಗೊತ್ತಾಗುತ್ತದೆ. ಮಲಗಿರುವವರ ಕೋಣೆಯ ಸಾಮಾನು ಕದಲಿಸಿದರೆ ಕಡತಗಳು ಕೆಡಬಹುದೆಂದು ಆ ಭಾಗವನ್ನು ಓದಲಷ್ಟೇ ತೆರೆಯುತ್ತದೆ, ಬರೆಯಲು ಬಿಡುವುದಿಲ್ಲ. ಆ ಸೌಲಭ್ಯವನ್ನು ಆಫ್ ಮಾಡಿಟ್ಟರೆ ಎರಡೂ ಕಡೆ ನಿರಾಳ. ತಂತ್ರಾಂಶದಲ್ಲಿ ನಾನು ಕಂಡ ಮರ್ಯಾದೆಯ ನಡತೆಗಳಲ್ಲಿ ಲಿನಕ್ಸ್‌ನ ಈ ಹಿಂಜರಿಕೆಗೆ ದೊಡ್ಡ ಸ್ಥಾನವಿದೆ.

ಹೀಗೆ ಎರಡರ ನಡುವೆ ಓಡಾಡುತ್ತಾ ಒಂದು ಪ್ರಶ್ನೆ ಬಲಿಯಿತು. ಇದರಲ್ಲಿ ನನ್ನದು ಯಾವುದು? ವಿಂಡೋಸ್ ಮೈಕ್ರೋಸಾಫ್ಟ್‌ನದು, ಬಳಸುವ ಪರವಾನಗಿಯಷ್ಟೇ ನನ್ನದು. ಲಿನಕ್ಸ್ ಎಲ್ಲರದು. ನಾಳೆ ಇವೆರಡರಲ್ಲಿ ಯಾವುದನ್ನು ಅಳಿಸಿದರೂ ಉಳಿಯಬೇಕಾದದ್ದು, ಉಳಿದು ಓದಲು ಬರಬೇಕಾದದ್ದು ನಾನು ಬರೆದದ್ದು. ಅದಕ್ಕಾಗಿ ಡಿಸ್ಕಿನಲ್ಲಿ ಮೂರನೆಯ ಭಾಗ ಮಾಡಿದೆ. ಡಿಸ್ಕಿನಲ್ಲಿ ಕಡತ ಜೋಡಿಸುವ ಲಿನಕ್ಸ್‌ನ ಕ್ರಮವಾದ ಇಎಕ್ಸ್‌ಟಿ4 ವಿಂಡೋಸ್‌ಗೆ ತಾನಾಗಿ ಓದಲು ಬಾರದು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಎರಡಕ್ಕೂ ಬರುತ್ತದೆ. ಆದ್ದರಿಂದ ಮೂರನೆಯ ಭಾಗ ಎನ್‌ಟಿಎಫ್‌ಎಸ್.

ಎರಡೂ ಕಡೆಯಿಂದ ಕಾಣುವ ಜಾಗದಲ್ಲಿ ಇಟ್ಟರೆ ಸಾಲದು ಎಂಬುದು ಹಳೆಯ ಕಡತ ತೆರೆದಾಗ ತಿಳಿಯುತ್ತದೆ. ಹಳೆಯ ನುಡಿ ಕಡತದೊಳಗೆ ನಿಜವಾಗಿ ಕನ್ನಡದ ಅಕ್ಷರಗಳಿಲ್ಲ. ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಖ್ಯೆಗಳಿಗೆ ಕನ್ನಡದ ತಲೆಕಟ್ಟು, ಗುಣಿಸು, ಒತ್ತುಗಳ ರೂಪ ತೊಡಿಸುವುದು ಫಾಂಟಿನ ಕೆಲಸ. ಫಾಂಟ್ ಇಲ್ಲದ ಕಡೆ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಫಾಂಟ್ ಹಾಕಿಕೊಂಡರೆ ಕಣ್ಣಿಗೆ ಕಂಡೀತು. ಆದರೆ ಕನ್ನಡದ ಒಂದು ಪದವನ್ನು, ಪ್ರತಿ ಲಿಪಿಯ ಅಕ್ಷರಗಳಿಗೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಟೈಪಿಸಿ ಹುಡುಕಿದರೆ ಸಿಗದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳು ಸಿಕ್ಕಿದ್ದು 1991ರಲ್ಲಿ, ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಪ್ರಕಟಿಸಿದ ವರ್ಷವೇ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟ್ ಹೊತ್ತು ಬಂದಾಗ ಆ ಅಕ್ಷರಗಳು ಸಾಮಾನ್ಯರ ಯಂತ್ರದಲ್ಲೂ ಮೂಡಿದವು. ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡವನ್ನು ಪರದೆಯ ಮೇಲೆ ತಂದ ನುಡಿ, ಬರಹ ತಂತ್ರಾಂಶಗಳ ಉಪಕಾರ ಸಣ್ಣದಲ್ಲ. ಅವುಗಳ ಹೊಸ ಆವೃತ್ತಿಗಳು ಯೂನಿಕೋಡ್ ಬಲ್ಲವು. ನಮ್ಮ ಹಳೆಯ ಕಡತಗಳು ಮಾತ್ರ ಹಳೆಯ ವೇಷದಲ್ಲೇ ಉಳಿದಿವೆ.

ವ್ಯವಸ್ಥೆಗಳಿಗೆ ಆಯಸ್ಸು ಇದೆ. ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಮ್ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಎಷ್ಟೋ ಒಳ್ಳೆಯ ಯಂತ್ರಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಅಂಥ ಯಂತ್ರವಿದ್ದವರು ಲಿನಕ್ಸ್‌ಗೆ ಅರ್ಧ ಜಾಗ ಕೊಟ್ಟು ನೋಡಬೇಕು, ಕೆಲಸ ನಡೆಯುತ್ತದೆ.

ಅದನ್ನು ಮಾಡದಿದ್ದರೂ ಇದೊಂದನ್ನು ಮಾಡಿ. ನಿಮ್ಮ ಮನೆಯಲ್ಲಿ, ಸಂಘದಲ್ಲಿ, ಶಾಲೆಯ ಕಚೇರಿಯಲ್ಲಿ ಹಳೆಯ ನುಡಿ ಅಥವಾ ಬರಹ ಕಡತಗಳಿದ್ದರೆ ಅವನ್ನು ಯೂನಿಕೋಡ್‌ಗೆ ತನ್ನಿ. ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರ ಬಂದಲ್ಲಿ ಒಮ್ಮೆ ಕಣ್ಣಾಡಿಸಿ, ಮೂಲ ಕಡತವನ್ನು ಅಳಿಸದೆ ಇಟ್ಟುಕೊಳ್ಳಿ. ಆ ಕಡತಗಳನ್ನು ತೆರೆಯಬಲ್ಲ ಯಂತ್ರ ಇನ್ನೂ ಕೆಲಸ ಮಾಡುತ್ತಿರುವಾಗಲೇ ಈ ಕೆಲಸ ಆಗಬೇಕು.