ದುಃಖಕ್ಕೊಬ್ಬ ಹೇಳುವವ

ಮೊಹರಂ ರಾತ್ರಿ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಮಕ್ಕಳನ್ನು ಯಾರೂ ಬೇಗ ಮಲಗಿಸುವುದಿಲ್ಲ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು ರಿವಾಯತ ಪದ ಎತ್ತಿಕೊಂಡರೆ, ಅಪ್ಪನ ಹೆಗಲೇರಿದ ಕೂಸೂ ಕರ್ಬಲಾದ ಕಥೆ ಕೇಳುತ್ತದೆ. ಕ್ರಿ.ಶ. 680ರ ಇರಾಕಿನ ಬಯಲು; ಹೊಳೆ ಹತ್ತಿರದಲ್ಲೇ ಹರಿಯುತ್ತಿದ್ದರೂ ನೀರಿಗೆ ಬಾಯಿಬಿಟ್ಟ ಹುಸೇನರ ಬಳಗ; ಬಾಣಕ್ಕೆ ಬಲಿಯಾದ ಹಸುಗೂಸು. ಹಾಡುವವರಲ್ಲಿ ಮುಸ್ಲಿಮರೂ ಇರುತ್ತಾರೆ, ಹಿಂದೂಗಳೂ ಇರುತ್ತಾರೆ. ‘ಅವರಿಗೆ ನೀರ್ ಯಾಕ ಕೊಡಲಿಲ್ಲ?’ ಎಂದು ಮಗು ಕೇಳಿದರೆ, ಅದು ಕೇಳಬಾರದ ಪ್ರಶ್ನೆ ಎಂದು ಅಲ್ಲಿ ಯಾರಿಗೂ ಅನಿಸುವುದಿಲ್ಲ.

ಅದೇ ಮಗು ಕಮಲಾಪುರದ ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಬಂದು ಕೂತರೆ ನಾವು ದೊಡ್ಡವರು ಅಳುಕುತ್ತೇವೆ. ಗೋವಿನ ಹಾಡಿನಲ್ಲಿ ಹುಲಿ ಸಾಯುವ ಜಾಗ ಬಂದಾಗ ದನಿ ತಗ್ಗಿಸಿ, ‘ಸತ್ಯಕ್ಕೆ ಜಯ’ ಎಂದು ಬೋರ್ಡಿನ ಮೇಲೆ ಬರೆದು ಪಾಠ ಮುಗಿಸುತ್ತೇವೆ. ‘ಆಕಳು ಉಳೀತಲ್ರೀ, ಮತ್ತ ಹುಲಿ ಯಾಕ ಸಾಯಬೇಕು?’ ಎನ್ನುವ ಹುಡುಗಿ ನೀತಿಯನ್ನು ದಾಟಿ ಹಾಡಿನ ಒಳಗೇ ಹೋಗಿದ್ದಾಳೆ. ಹೊರಗೆ ನಿಂತವರು ನಾವು.

ಎಳೆಯ ಮನಸ್ಸು ಹೆದರೀತು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಮಗುವನ್ನು ಕುಗ್ಗಿಸುವುದು ದುಃಖವೋ, ಹೇಳುವವರಿಲ್ಲದ ದುಃಖವೋ? 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲೇ. ಆಮೇಲೆ ಟಿ.ವಿ. ದಿನವಿಡೀ ಸಾವಿನ ಲೆಕ್ಕ ಓದಿತು; ಮನೆಯ ಮಕ್ಕಳ ಕಿವಿಗೆ ಅದು ಬೀಳದಂತೆ ಯಾರು ತಡೆದರು? ಅಂಕಿಗೆ ಎದುರು ಪ್ರಶ್ನೆ ಹಾಕಲಾಗದು. ‘ನೀನು ಅತ್ತೆಯಾ? ಆಮೇಲೆ ಹೇಗೆ ಬದುಕಿದೆ?’ ಎಂದು ಕೇಳಲು ಒಬ್ಬ ಮನುಷ್ಯ ಬೇಕು. ಕಂಡೋ ಕೇಳಿಯೋ ಮರುಗಿ, ಆ ಮರುಕಕ್ಕೆ ಮೊದಲು ಕೊನೆ ಕಟ್ಟಿ, ನಮ್ಮ ಮುಂದೆ ಹೇಳಲು ಕೂತವನೇ ಕವಿ. ಅವನು ಹೇಳುತ್ತಿದ್ದಾನೆ ಎಂದರೆ ದುಃಖ ಅವನ ಮಾತನ್ನು ಕಸಿದಿಲ್ಲ ಎಂದರ್ಥ. ಮಗುವಿಗೆ ಸಿಗುವ ಮೊದಲ ಧೈರ್ಯ ಅದು.

ರಿವಾಯತ ಕಟ್ಟುವವರಿಗೆ ಇದು ಗೊತ್ತಿತ್ತೆಂದು ತೋರುತ್ತದೆ. ಎಷ್ಟೋ ಪದಗಳ ಕೊನೆಯ ನುಡಿಯಲ್ಲಿ ಕಟ್ಟಿದವರ ಹೆಸರೂ ಊರೂ ಬರುತ್ತವೆ. ಕಮಲಾಪುರದ ಕೆಂಪು ಬಾಳೆಗೆ ಊರಿನ ಹೆಸರಿನಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ಹಣ್ಣಿಗೆ ಬೇಕಾದ ಊರು ಪದ್ಯಕ್ಕೆ ಬೇಡವೆ? ಗೀತಾ ನಾಗಭೂಷಣ ಈ ಜಿಲ್ಲೆಯ ಸಾವಳಗಿಯವರು, ಎಂಎಸ್‌ಕೆ ಮಿಲ್ಲಿನ ಕಾರ್ಮಿಕನ ಮಗಳು. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಹತ್ತು ವರ್ಷದವರು ಓದುವ ಪುಸ್ತಕವಲ್ಲ. ಆದರೆ ಕೂಲಿಯ ಮನೆಯ ಹುಡುಗಿ ತನ್ನವರ ಸಂಕಟ ಬರೆದಳು ಎಂಬ ಸುದ್ದಿ, ಅಪ್ಪ ಅವ್ವ ಗುಳೆ ಹೋಗಿ ಅಜ್ಜಿಯ ಹತ್ತಿರ ಉಳಿದ ಮಗುವಿಗೆ ಬೇಕೇಬೇಕು. ತನ್ನದೂ ಹೇಳತಕ್ಕ ಕಥೆಯೆಂದು ಅದಕ್ಕೆ ಆಗ ಹೊಳೆಯುತ್ತದೆ. ಪರೀಕ್ಷೆಯ ಕವಿ ಪರಿಚಯದಲ್ಲಿ ಇಸವಿ, ಪ್ರಶಸ್ತಿ ಉಳಿದು ಈ ಮನುಷ್ಯರೇ ಕಾಣೆಯಾಗುತ್ತಾರೆ.

ಗೋವಿನ ಹಾಡಿಗೆ ಕವಿಯ ಹೆಸರೇ ಇಲ್ಲವಲ್ಲ ಎನ್ನಬಹುದು. ನಿಜ. ಹೆಸರಿಲ್ಲದ ಕಡೆ ಓದಿ ಹೇಳುವವರೇ ಆ ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಅಲಾಯಿ ಕುಣಿಯ ಬಳಿ ಹಾಡುವವರು ಪ್ರತಿ ವರ್ಷ ನಿಲ್ಲುವ ಹಾಗೆ. ಹುಲಿ ಯಾಕೆ ಸತ್ತಿತೆಂದು ಕೇಳಿದ ಹುಡುಗಿಗೆ ಗುರುಗಳು ನೀತಿ ಹೇಳಬೇಕಿಲ್ಲ. ‘ನನಗೂ ಅಲ್ಲಿ ಸಂಕಟ ಆಗ್ತದವಾ, ನಿನಗ ಏನನಸ್ತದ ಹೇಳು’ ಎಂದು ಬೋರ್ಡು ಬಿಟ್ಟು ಅವಳ ಬೆಂಚಿನ ಹತ್ತಿರ ಬಂದರೆ ಸಾಕು.