ಪ್ರತಿರೂಪವೂ ವಂಚನೆಯೂ: ಅಚೌರ್ಯವ್ರತದ ಒಂದು ವಿಚಾರ

ಒಂದು ವಸ್ತುವಿನಂತೆಯೇ ಕಾಣುವ ಇನ್ನೊಂದು ವಸ್ತುವನ್ನು ಮಾಡುವುದು ದೋಷವೇ? ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದೆನಿಸಬಹುದು. ಕುಂಬಾರನ ಎರಡನೆಯ ಮಡಕೆ ಮೊದಲನೆಯದರಂತೆಯೇ ಇರುತ್ತದೆ. ಅದಕ್ಕಾಗಿ ಯಾರೂ ಅವನನ್ನು ದೂರುವುದಿಲ್ಲ. ಆದರೆ ಮೊದಲನೆಯದನ್ನು ಮಾಡಿದವನು ಬೇರೊಬ್ಬನಾಗಿದ್ದು, ಹಳೆಯದೆಂಬ ಕಾರಣಕ್ಕೇ ಅದು ಬೆಲೆಯುಳ್ಳದ್ದಾಗಿದ್ದು, ಎರಡನೆಯದನ್ನು ನಾವು ನಿನ್ನೆ ಮನೆಯ ಹಿತ್ತಿಲಿನಲ್ಲಿ ಮಾಡಿದ್ದರೆ ಪ್ರಶ್ನೆಯ ತೂಕವೇ ಬದಲಾಗುತ್ತದೆ. ಹಳೆಯ ಮೋಟಾರು ವಾಹನಗಳ ಅಲಂಕಾರದ ಬಿಡಿಭಾಗಗಳನ್ನು ಮನೆಯಲ್ಲಿ ತಯಾರಿಸುವ ಕಸುಬು ಇಂದು ಈ ಪ್ರಶ್ನೆಯನ್ನು ನಮ್ಮೆದುರಿಗಿಟ್ಟಿದೆ. ಶ್ರಾವಕನಾದವನು ಇದನ್ನು ಕೈಗೊಳ್ಳಬಹುದೇ, ಕೈಗೊಂಡರೆ ಯಾವ ಮೇರೆಯೊಳಗೆ ಎಂಬುದನ್ನು ವಿಚಾರಿಸೋಣ.

ಕೊಡಗಿನ ಮಡಿಕೇರಿಗೆ ಸಮೀಪದ ಗಾಳಿಬೀಡು ಹೆಸರಿಗೆ ತಕ್ಕಂತೆ ಗಾಳಿಯ ಬೀಡು; ಮಳೆಗಾಲದಲ್ಲಿ ಮಳೆಯ ಬೀಡೂ ಹೌದು. ಅಲ್ಲಿಯ ತೋಟಗಳ ಇಳಿಜಾರು ದಾರಿಗಳಿಗೆ ಜೀಪು ಅನಿವಾರ್ಯ. ಕೊಡಗಿನ ಮನೆಗಳ ಕೊಟ್ಟಿಗೆಗಳಲ್ಲಿ ತಂದೆ ತಾತಂದಿರ ಕಾಲದ ಜೀಪು, ಅಂಬಾಸಿಡರ್ ಕಾರು, ಮೈಸೂರಿನ ಜಾವಾ ಮೋಟಾರ್‌ಸೈಕಲ್ಲು ಇನ್ನೂ ಉಳಿದಿರುವುದುಂಟು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಕಾರ್ಖಾನೆ ನಿಂತರೂ ಮಳೆ ನಿಲ್ಲಲಿಲ್ಲ. ತೇವಕ್ಕೆ ಕ್ರೋಮಿಯಂ ಲೇಪ ಏಳುತ್ತದೆ, ಅದರಡಿಯ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಿಟಕಿಯಂಚಿನ ರಬ್ಬರು ಬಿರಿಯುತ್ತದೆ, ಟ್ಯಾಂಕಿನ ಮೇಲಣ ಹೆಸರಿನ ಬಿಲ್ಲೆ ಕಳಚಿ ಬೀಳುತ್ತದೆ. ಅಂಗಡಿಯಲ್ಲಿಲ್ಲ, ಗುಜರಿಯಲ್ಲಿಯೂ ಸಿಕ್ಕದು. ಆಗ ಕೈಬಲ್ಲವನೊಬ್ಬ ಮನೆಯಲ್ಲಿಯೇ ಅದನ್ನು ಮಾಡಲು ತೊಡಗುತ್ತಾನೆ. ಅಂಥ ಗೃಹಸ್ಥನೊಬ್ಬನು ಗಾಳಿಬೀಡಿನಲ್ಲಿ ಇದ್ದಾನೆಂದು ಭಾವಿಸೋಣ.

ಅವನ ಕೆಲಸದ ಕ್ರಮ ಕಠಿಣವಾದುದೇನಲ್ಲ. ಯಾರದಾದರೂ ವಾಹನದಲ್ಲಿ ಉಳಿದಿರುವ ಒಂದು ಬಿಲ್ಲೆಯನ್ನು ಎರವಲು ತಂದು, ಸಿಲಿಕೋನ್ ರಬ್ಬರಿನಲ್ಲಿ ಅದರ ಅಚ್ಚು ತೆಗೆದು, ಅಚ್ಚಿನೊಳಗೆ ರಾಳ ಸುರಿದು ಗಟ್ಟಿಯಾಗಿಸುತ್ತಾನೆ. ಲೋಹದ್ದೇ ಬೇಕೆಂದರೆ ಮರಳಿನ ಅಚ್ಚಿನಲ್ಲಿ ಹಿತ್ತಾಳೆಯನ್ನೋ ಅಲ್ಯೂಮಿನಿಯಮ್ಮನ್ನೋ ಎರಕ ಹೊಯ್ಯುತ್ತಾನೆ. ಇಲ್ಲೊಂದು ಸೂಕ್ಷ್ಮವುಂಟು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ; ಅಲ್ಯೂಮಿನಿಯಂ ನೂರಕ್ಕೆ ಸುಮಾರು 1.3 ಭಾಗದಷ್ಟು ಕಿರಿದಾಗುತ್ತದೆ. 200 ಮಿಲಿಮೀಟರ್ ಉದ್ದದ ಹಳೆಯ ಭಾಗವನ್ನೇ ಮಾದರಿಯಾಗಿಟ್ಟು ಎರಕ ಹೊಯ್ದರೆ ಹೊಸದು ಎರಡೂವರೆ ಮಿಲಿಮೀಟರಿನಷ್ಟು ಗಿಡ್ಡವಾಗುತ್ತದೆ. ಆ ಹೊಸದರಿಂದ ಮತ್ತೊಂದನ್ನು ಹೊಯ್ದರೆ ಅದು ಇನ್ನೂ ಗಿಡ್ಡ. ಬಲ್ಲ ಎರಕದವರು ಮಾದರಿಯನ್ನೇ ತುಸು ದೊಡ್ಡದಾಗಿ ಮಾಡಿಕೊಳ್ಳುವುದು ಇದರಿಂದಲೇ. ಪ್ರತಿರೂಪವು ಎಷ್ಟೇ ಹೋಲಿದರೂ ಮೂಲವಲ್ಲವೆಂಬುದನ್ನು ಲೋಹವೇ ತನ್ನ ಸ್ವಭಾವದಿಂದ ಹೇಳುತ್ತದೆ. ಮನುಷ್ಯನು ಅದನ್ನು ಬಾಯಿಬಿಟ್ಟು ಹೇಳುವನೇ ಎಂಬುದಷ್ಟೇ ಪ್ರಶ್ನೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಕೊನೆಯದಾಗಿ ಪ್ರತಿರೂಪಕವ್ಯವಹಾರವನ್ನು ಹೆಸರಿಸಿದ್ದಾರೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು, ತೂಕ ಅಳತೆಗಳಲ್ಲಿ ಮೋಸಮಾಡುವುದು ಇವುಗಳ ಸಾಲಿನಲ್ಲಿಯೇ ಇದೂ ಬಂದಿದೆ. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸದೃಶವಾದುದನ್ನು ಬೆರೆಸುವುದನ್ನು ಇದೇ ಸ್ಥಾನದಲ್ಲಿಟ್ಟಿದ್ದಾರೆ. ಇಷ್ಟನ್ನು ಮಾತ್ರ ನೋಡಿದರೆ ನಮ್ಮ ಗೃಹಸ್ಥನ ಕಸುಬು ನಿಷಿದ್ಧವೆಂದೇ ತೋರುತ್ತದೆ. ಆದರೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುವಾಗ, ಕೃತಕವಾದ ಚಿನ್ನವೇ ಮೊದಲಾದವುಗಳಿಂದ ವಂಚನಾಪೂರ್ವಕವಾಗಿ ನಡೆಸುವ ವ್ಯವಹಾರವೆಂದು ಅರ್ಥ ಹೇಳಿದ್ದಾರೆ. ಈ ‘ವಂಚನಾಪೂರ್ವಕ’ ಎಂಬ ವಿಶೇಷಣದಲ್ಲಿಯೇ ತೀರ್ಮಾನದ ಬೀಜವಿದೆ. ದೋಷವಿರುವುದು ಹೋಲಿಕೆಯಲ್ಲಲ್ಲ, ಹೋಲಿಕೆಯನ್ನು ಮರೆಮಾಡಿ ಪಡೆಯುವ ಲಾಭದಲ್ಲಿ.

ನಮ್ಮ ನ್ಯಾಯದ ನಿಕ್ಷೇಪವಿಚಾರವು ಇದನ್ನು ಇನ್ನೂ ತಿಳಿಯಾಗಿಸುತ್ತದೆ. ಒಂದು ವಸ್ತುವನ್ನು ನಾಮ, ಸ್ಥಾಪನಾ, ದ್ರವ್ಯ, ಭಾವವೆಂಬ ನಾಲ್ಕು ಬಗೆಗಳಲ್ಲಿ ವ್ಯವಹರಿಸಬಹುದು. ಜಿನಬಿಂಬವು ತದಾಕಾರ ಸ್ಥಾಪನೆ. ಅದು ಸಾಕ್ಷಾತ್ ಅರ್ಹಂತರಲ್ಲವೆಂದು ಬಾಲಕನಿಗೂ ತಿಳಿದಿದೆ. ತಿಳಿದೇ ವಂದಿಸುವುದರಿಂದ ಅಲ್ಲಿ ಅಸತ್ಯಕ್ಕೆ ಎಡೆಯಿಲ್ಲ. ಹಾಗೆಯೇ ಹೊಸದಾಗಿ ಹೊಯ್ದ ಬಿಲ್ಲೆಯೂ ಹಳೆಯದರ ತದಾಕಾರ ಸ್ಥಾಪನೆ. ಸ್ಥಾಪನೆಯೆಂದು ಹೇಳಿ ಕೊಟ್ಟರೆ ಅದು ಸತ್ಯ. ಸ್ಥಾಪನೆಗೆ ದ್ರವ್ಯದ ಬೆಲೆ ಕಟ್ಟಿ ಕೊಟ್ಟರೆ ಅದೇ ವಸ್ತು ಚೌರ್ಯದ ಉಪಕರಣವಾಗುತ್ತದೆ. ವಸ್ತು ಬದಲಾಗಲಿಲ್ಲ, ಮಾತು ಬದಲಾಯಿತು.

ಇಲ್ಲಿಯವರೆಗಿನದು ಸುಲಭ. ಕಷ್ಟವು ಮುಂದಿದೆ. ಗೃಹಸ್ಥನು ‘ಇದು ನಾನು ಮಾಡಿದ್ದು’ ಎಂದು ಹೇಳಿಯೇ ಮಾರುತ್ತಾನೆಂದುಕೊಳ್ಳೋಣ. ಕೊಂಡವನು ಅದನ್ನು ವಾಹನಕ್ಕೆ ಜೋಡಿಸಿ, ಎಲ್ಲವೂ ಮೂಲದ್ದೇ ಎಂದು ಮೂರನೆಯವನಿಗೆ ಮಾರುತ್ತಾನೆ. ಮೂರನೆಯವನಿಗಾದ ನಷ್ಟದಲ್ಲಿ ಮೊದಲನೆಯವನ ಪಾಲೆಷ್ಟು? ಕೃತ, ಕಾರಿತ, ಅನುಮೋದಿತವೆಂದು ಮೂರು ದಾರಿಗಳಿಂದ ಕರ್ಮ ಒಳಬರುತ್ತದೆಂದು ನಂಬಿದ ನಾವು ‘ನಾನು ಸುಳ್ಳು ಹೇಳಲಿಲ್ಲ’ ಎಂದು ಕೈತೊಳೆದುಕೊಳ್ಳಲಾಗದು. ಅದರಲ್ಲಿಯೂ ಗಿರಾಕಿಯು ‘ಹಿಂಬದಿಯಲ್ಲಿ ನಿಮ್ಮ ಗುರುತು ಬೇಡ, ಎರಡುಪಟ್ಟು ಕೊಡುತ್ತೇನೆ’ ಎಂದಾಗ ಆ ಹೆಚ್ಚಿನ ಹಣವು ಬಿಲ್ಲೆಯ ಬೆಲೆಯಲ್ಲ, ಮೌನದ ಬೆಲೆ. ಅದನ್ನು ಪಡೆದವನು ಮುಂದೆ ನಡೆಯಲಿರುವ ವಂಚನೆಗೆ ಮುಂಗಡ ಪಡೆದಂತಾಯಿತು.

ಇದು ಕೇವಲ ಕಲ್ಪನೆಯ ತೊಡಕಲ್ಲ. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ಹೊರಡಿಸಿತು. ವಾಹನವು ಮೂಲರೂಪದಲ್ಲಿಯೇ ಉಳಿದಿರಬೇಕೆಂಬುದು ಅದರ ಮುಖ್ಯ ನಿಬಂಧನೆ. ‘ಮೂಲ’ವೆಂಬ ಮಾತಿಗೆ ಈಗ ಹಣದ ಬೆಲೆಯ ಜೊತೆಗೆ ರಾಜಶಾಸನದ ಬೆಲೆಯೂ ಬಂದಿದೆ. ಇನ್ನು ಹೆಸರಿನ ವಿಷಯ. ಕಾರ್ಖಾನೆ ಮುಚ್ಚಿದ ಮಾತ್ರಕ್ಕೆ ಅದರ ಹೆಸರು ಅನಾಥವಾಗುವುದಿಲ್ಲ. ಮೈಸೂರಿನ ಕಾರ್ಖಾನೆಯ ‘ಯೆಜ್ಡಿ’ ಎಂಬ ಹೆಸರಿನ ಒಡೆತನದ ವಿವಾದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯದವರೆಗೆ ನಡೆಯಿತು. ಕೊಡದೆ ಇದ್ದುದನ್ನು ತೆಗೆದುಕೊಳ್ಳಬಾರದೆಂಬ ವ್ರತವು ಹೆಸರಿಗೂ ಅನ್ವಯಿಸುತ್ತದೆ. ತನ್ನ ವಾಹನದ ಬಿಲ್ಲೆ ಬಿದ್ದುಹೋದಾಗ ಒಂದನ್ನು ಮಾಡಿ ಹಚ್ಚಿಕೊಳ್ಳುವುದು ದುರಸ್ತಿ. ಪರರ ಹೆಸರನ್ನು ನೂರಾರು ಹೊಯ್ದು ಮಾರುವುದು ಒಡೆಯನ ಒಪ್ಪಿಗೆಯನ್ನು ಬೇಡುವ ವ್ಯಾಪಾರ.

‘ಹಳೆಯ ಕಾರಿನ ವ್ಯಾಮೋಹವೇ ಪರಿಗ್ರಹ, ಅದಕ್ಕೆ ಬಿಡಿಭಾಗ ಒದಗಿಸುವುದು ಬೆಂಕಿಗೆ ತುಪ್ಪ ಹೊಯ್ದಂತೆ’ ಎಂದು ಕೆಲವರು ಆಕ್ಷೇಪಿಸಬಹುದು. ಮೂರ್ಛೆಯೇ ಪರಿಗ್ರಹವೆಂಬುದು ಸರಿ. ಆದರೆ ಇರುವುದನ್ನು ಕಾಪಾಡುವುದೆಲ್ಲ ಮೂರ್ಛೆಯಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿಯೂ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ದಲ್ಲಿಯೂ ಹಳೆಯ ಕಾರುಗಳನ್ನು ಲೋಕದ ತಿಳಿವಿಗಾಗಿ ಇರಿಸಲಾಗಿದೆ. ತೋಟದ ಹಳೆಯ ಜೀಪು ಇನ್ನೂ ಹತ್ತು ವರ್ಷ ಬಾಳಿದರೆ ಹೊಸದೊಂದರ ಆರಂಭವೂ ಅಷ್ಟುಕಾಲ ತಪ್ಪುತ್ತದೆ.

ಅಹಿಂಸೆಯ ದೃಷ್ಟಿಯಿಂದ ಮಾತ್ರ ಕಟ್ಟುನಿಟ್ಟು ಬೇಕು. ಹಳೆಯ ಕಾರುಗಳ ಆಸನಕ್ಕೆ ತೊಗಲು ಹೊದಿಸುತ್ತಿದ್ದರು, ಮರದ ಹಲಗೆಗೆ ಅರಗಿನ ಮೆರುಗು ಕೊಡುತ್ತಿದ್ದರು. ಅರಗು ಕೀಟಗಳಿಂದ ಬರುವಂಥದು. ಶ್ರಾವಕಾಚಾರಗಳು ಎಣಿಸುವ 15 ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು. ಮೂಲದಂತೆಯೇ ಇರಬೇಕೆಂಬ ಹಟಕ್ಕಾಗಿ ವ್ರತವನ್ನು ಬಿಡಲಾಗದು. ರೆಕ್ಸಿನ್ ಹೊದಿಸಲಿ, ಬೇರೆ ವಾರ್ನಿಷು ಬಳಿಯಲಿ. ಹಾಗೆ ಮಾಡಿದುದನ್ನು ಗಿರಾಕಿಗೆ ತಿಳಿಸಲಿ. ಕ್ರೋಮಿಯಂ ಲೇಪದ ತೊಟ್ಟಿಯ ವಿಷಯ ಇನ್ನೂ ಗಂಭೀರ. ಆ ದ್ರಾವಣದಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಅದನ್ನು ಮನೆಯಲ್ಲಿ ಬಳಸಿ, ತೊಳೆದ ನೀರನ್ನು ಇಳಿಜಾರಿಗೆ ಬಿಟ್ಟರೆ ಕೆಳಗಿನ ತೊರೆಗೆ ಸೇರುತ್ತದೆ; ಜಲಕಾಯದ ಜೀವಗಳಿಂದ ಹಿಡಿದು ನೀರು ಕುಡಿಯುವ ಮನುಷ್ಯರವರೆಗೆ ಹಿಂಸೆ ಹರಡುತ್ತದೆ. ತ್ಯಾಜ್ಯವನ್ನು ಶುದ್ಧಗೊಳಿಸುವ ವ್ಯವಸ್ಥೆಯುಳ್ಳ ಕಾರ್ಖಾನೆಗೆ ಆ ಕೆಲಸವನ್ನು ಕಳುಹಿಸುವುದು, ಇಲ್ಲವೇ ಲೇಪವಿಲ್ಲದ ಹೊಳಪಿಗೆ ತೃಪ್ತಿಪಡುವುದು ಲೇಸು. ಬ್ರೇಕು, ಸ್ಟೀರಿಂಗುಗಳ ಭಾಗಗಳನ್ನಂತೂ ಹಿತ್ತಿಲಿನ ಎರಕದಲ್ಲಿ ಮಾಡಲೇಬಾರದು. ಬಿಲ್ಲೆ ಮುರಿದರೆ ಅಂದ ಕೆಡುತ್ತದೆ. ಬ್ರೇಕು ಮುರಿದರೆ ಘಾಟಿಯ ತಿರುವಿನಲ್ಲಿ ಪ್ರಾಣ ಹೋಗುತ್ತದೆ. ಪ್ರಮಾದದಿಂದಾದ ಪ್ರಾಣಘಾತವೇ ಹಿಂಸೆಯೆಂಬ ಲಕ್ಷಣಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಹಾಗಾದರೆ ಸನ್ಮಾರ್ಗ ಯಾವುದು? ಶ್ರವಣಬೆಳಗೊಳದಲ್ಲಿ ಅದಕ್ಕೆ ಉತ್ತರವಿದೆ. ಗೊಮ್ಮಟಮೂರ್ತಿಯ ಪಾದದ ಎಡಬಲಗಳ ಶಾಸನಗಳು ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂದೂ, ಸುತ್ತಾಲಯವನ್ನು ಗಂಗರಾಜನು ಮಾಡಿಸಿದನೆಂದೂ ಬೇರೆಬೇರೆಯಾಗಿ ತಿಳಿಸುತ್ತವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನಿಗೆ ಅಧಿಕಾರವಿತ್ತು, ಐಶ್ವರ್ಯವಿತ್ತು. ಆದರೂ ತಾನು ಸೇರಿಸಿದುದನ್ನು ಹಿಂದಿನವರ ಕೀರ್ತಿಯಲ್ಲಿ ಬೆರೆಸಲಿಲ್ಲ, ಹಿಂದಿನವರ ಕೃತಿಯನ್ನು ತನ್ನದೆನ್ನಲೂ ಇಲ್ಲ. ಮುಂದೆ 1964ರ ವೆನಿಸ್ ಸನ್ನದು, ಸ್ಮಾರಕಗಳಿಗೆ ಹೊಸದಾಗಿ ಸೇರಿಸಿದ ಭಾಗವು ಒಟ್ಟಂದಕ್ಕೆ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು ಎಂದು ವಿಧಿಸಿತು. ನಮ್ಮ ಬೆಟ್ಟದ ಮೇಲೆ ಅದು ಮೊದಲೇ ಆಚರಣೆಯಲ್ಲಿತ್ತು.

ಬಸದಿಗಳ ಆಡಳಿತ ಮಂಡಲಿಗಳಿಗೂ ಈ ವಿಚಾರ ಪರಕೀಯವಲ್ಲ. ಜೀರ್ಣೋದ್ಧಾರದಲ್ಲಿ ಬದಲಿಸಿದ ಕಂಬಕ್ಕೆ, ಭದ್ರತೆಗಾಗಿ ಮಾಡಿಸಿದ ಪಂಚಲೋಹದ ಪ್ರತಿಬಿಂಬಕ್ಕೆ ಇಸವಿ ಕೆತ್ತಿಸಿದ್ದೇವೆಯೇ? ಹೊಸ ಬಿಂಬಕ್ಕೆ ಹಳೆಯ ಬಣ್ಣ ಬರಿಸಿ ಪುರಾತನವೆಂದು ಹೇಳುವವರನ್ನು ಪ್ರಶ್ನಿಸಿದ್ದೇವೆಯೇ? ಕೊಡಗಿನಲ್ಲಿಯೇ ಕೊಂಗಾಳ್ವರ ಕಾಲದ ಮುಳ್ಳೂರಿನ ಬಸದಿಗಳು ನಿಂತಿವೆ. ಅಲ್ಲಿಯ ಶಾಸನಗಳನ್ನು ನಾವು ನೆಚ್ಚುವುದು ಕೆತ್ತಿಸಿದವರು ನಿಜ ಹೇಳಿದರೆಂಬ ನಂಬಿಕೆಯಿಂದ. ಮುಂದಿನವರು ನಮ್ಮನ್ನೂ ಹಾಗೆಯೇ ನಂಬಬೇಕು.

ಆದುದರಿಂದ ಗಾಳಿಬೀಡಿನ ಆ ಗೃಹಸ್ಥನು ತನ್ನ ಕಸುಬನ್ನು ಬಿಡಬೇಕಾಗಿಲ್ಲ. ತಾನು ಮಾಡಿದ ಪ್ರತಿಯೊಂದು ಭಾಗದ ಹಿಂಬದಿಯಲ್ಲಿ ಅಳಿಸಲಾಗದಂತೆ ತನ್ನ ಗುರುತನ್ನೂ ಮಾಡಿದ ವರ್ಷವನ್ನೂ ಒತ್ತಲಿ. ಗುರುತು ಬೇಡವೆಂಬ ಗಿರಾಕಿಗೆ ವಸ್ತುವನ್ನು ಕೊಡದಿರಲಿ. ಚೀಟಿಯಲ್ಲಿ ಹೊಸದೆಂದು ಬರೆಯಲಿ. ಇದರಿಂದ ಆದಾಯ ತಗ್ಗುವುದು ನಿಶ್ಚಯ. ಆ ತಗ್ಗಿದ ಮೊತ್ತವೇ ಅವನ ವ್ರತದ ಅಳತೆ. ಹಿಂಬದಿಯ ಗುರುತು ವಾಹನ ಓಡುವಾಗ ಯಾರಿಗೂ ಕಾಣದು. ಕಳಚಿ ನೋಡಿದವನಿಗೆ ಮಾತ್ರ ಕಾಣುತ್ತದೆ. ವ್ರತವೂ ಅಂಥದೇ ಅಲ್ಲವೇ?