ಬಿಟ್ಟಿ ದುಡ್ಡಿನ ಹಕ್ಕುದಾರರು

ಯಲ್ಲಾಪುರದಲ್ಲಿ ಸಣ್ಣ ಬಜೆಟ್ಟಿನ ಹಾಸ್ಯಚಿತ್ರವೊಂದನ್ನು ತೆಗೆಯುವುದಾದರೆ ನಾಯಕನಿಗಾಗಿ ಅಲೆಯಬೇಕಿಲ್ಲ. ಡಿಗ್ರಿ ಅರ್ಧಕ್ಕೆ ಬಿಟ್ಟ, ಬೆಂಗಳೂರಿಗೆ ಹೋಗಿ ಒಗ್ಗದೆ ವಾಪಸಾದ, ತೋಟಕ್ಕೂ ಇಳಿಯದ ಹುಡುಗ ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಯಾವುದಾದರೂ ಚಹಾದಂಗಡಿಯಲ್ಲಿ ಕವಳ ಹಾಕಿಕೊಂಡು ಕೂತಿರುತ್ತಾನೆ. ಕಥೆಯೂ ತಯಾರಿದೆ: ಓಸಿ. ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನಿಂಗ್, ಕ್ಲೋಸಿಂಗ್ ದರಗಳ ಮೇಲೆ ಬೊಂಬಾಯಿಯವರು ಕಟ್ಟುತ್ತಿದ್ದ ಬಾಜಿ 1960ರ ದಶಕದಲ್ಲಿ ಹತ್ತಿಯನ್ನೇ ಬಿಟ್ಟು ಬರೀ ಅಂಕಿಗಳ ಆಟವಾಯಿತು. ಕೊನೆಗೆ ಅಡಿಕೆ ಸೀಮೆಗೂ ಬಂತು. ಒಂದು ರೂಪಾಯಿಗೆ ಎಂಬತ್ತು. ನೂರು ಜೋಡಿ ಅಂಕಿಗಳಲ್ಲಿ ಬೀಳುವುದು ಒಂದೇ. ಉಳಿದ ಇಪ್ಪತ್ತು ರೂಪಾಯಿ ಯಾರ ಕಿಸೆಗೆ ಹೋಯಿತೆಂದು ತಿಳಿಯಲು ಅರ್ಧ ಡಿಗ್ರಿ ಸಾಕು. ಆಗಾಗ ದಾಳಿ ನಡೆದು ಕರ್ನಾಟಕ ಪೊಲೀಸ್ ಕಾಯ್ದೆಯ 78(3)ನೇ ಕಲಮಿನಡಿ ಕೇಸು ಬೀಳುತ್ತದೆ. ಮರುದಿನದ ಪತ್ರಿಕೆಯಲ್ಲಿ ಇಷ್ಟು ನಗದು, ಒಂದು ಓಸಿ ಚೀಟಿ, ಒಂದು ಬಾಲ್‌ಪೆನ್ ವಶ ಎಂಬ ಸುದ್ದಿ. ಆ ಬಾಲ್‌ಪೆನ್ನನ್ನು ಮರೆಯದೆ ಬರೆಯುವ ಶ್ರದ್ಧೆ ನಮ್ಮ ಚಿತ್ರಕಥೆಗಾರರಿಗೂ ಇರಬೇಕಿತ್ತು.

ಬೆವರು ಸುರಿಸದ ದುಡ್ಡು ದಕ್ಕುವುದಿಲ್ಲ ಎಂದು ಊರು ಈ ಹುಡುಗನಿಗೆ ಬುದ್ಧಿ ಹೇಳುತ್ತದೆ. ಹೇಳುವವರ ಜಗಲಿಯ ಮೇಲೆ ಕೂತು ಯೋಚಿಸಿದರೆ ಈ ಮಾತು ನಿಲ್ಲುವುದಿಲ್ಲ. ತೋಟ ಅಜ್ಜ ಎಬ್ಬಿಸಿದ್ದು. ತೋಟದ ಎಕರೆಗೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಹಳೆಯ ಸರ್ಕಾರದ ಕಾಲದಿಂದ ಬಂದ ಸವಲತ್ತು. ಮರ ಹತ್ತಿ ಕೊನೆ ಕೊಯ್ಯುವವರು ಬೇರೆ, ರಾತ್ರಿ ಕೂತು ಸುಲಿಯುವವರು ಬೇರೆ. ಚಾಲಿ ಅಡಿಕೆಯ ಮೂಟೆಗಳನ್ನು ಅಟ್ಟಕ್ಕೇರಿಸಿ ಯಜಮಾನರು ದರ ನೋಡುತ್ತ ಕಾಯುತ್ತಾರೆ. ಟೆಂಡರಿನಲ್ಲಿ ಕ್ವಿಂಟಲಿಗೆ ಎರಡು ಸಾವಿರ ಏರಿತೆನ್ನಿ; ಆ ಎರಡು ಸಾವಿರ ಯಾರ ಬೆವರು? ಹುಡುಗನೂ ಸಂಜೆಯ ನಂಬರಿಗೆ ಕಾಯುತ್ತಾನೆ.

ಹಾಗೆಂದು ಎರಡೂ ಒಂದೇ ಅಲ್ಲ. ಅಡಿಕೆಯ ದುಡ್ಡು ಸೊಸೈಟಿಯ ಖಾತೆಗೆ ಬೀಳುವ ಮೊದಲೇ ಅದಕ್ಕೆ ಹಕ್ಕುದಾರರಿರುತ್ತಾರೆ: ಬೆಳೆಸಾಲ, ಮಳೆಯಲ್ಲಿ ಮರ ಹತ್ತಿ ಬೋರ್ಡೋ ಹೊಡೆದವನ ಮಜೂರಿ, ಇನ್ನೂ ಪಾಲಾಗದ ತಮ್ಮ. ಬೆಟ್ಟದಲ್ಲೂ ಹಾಗೆ, ಸೊಪ್ಪು ಕಡಿಯಬಹುದು, ಮರವನ್ನು ಬುಡಕ್ಕೆ ಕಡಿಯುವಂತಿಲ್ಲ. ಓಸಿಯಲ್ಲಿ ಬಿದ್ದ ದುಡ್ಡನ್ನು ಮಾತ್ರ ಯಾರೂ ಕೇಳಿಕೊಂಡು ಬರುವುದಿಲ್ಲ, ಏಕೆಂದರೆ ಬಿದ್ದದ್ದು ಯಾರಿಗೂ ಗೊತ್ತಿಲ್ಲ. ರಾತ್ರಿಯ ಪಾರ್ಟಿಗೆ ಅದು ಮುಗಿಯುತ್ತದೆ. ಸೋತ ದಿನ ಲೆಕ್ಕ ತಿರುವುಮುರುವಾಗಿ, ಅಮ್ಮನ ಬಳೆಯೂ ಅಂಗಡಿಯ ಉದ್ರಿಯೂ ಆಟಕ್ಕೆ ಇಳಿಯುತ್ತವೆ. ದುಡಿಯದೆ ಬಂದದ್ದು ಬಿಟ್ಟಿ ದುಡ್ಡಲ್ಲ, ಹಕ್ಕುಳ್ಳವರನ್ನು ಕಣ್ಣಿಗೆ ಬೀಳದಂತೆ ಮಾಡಿ ಪಡೆದದ್ದು ಬಿಟ್ಟಿ ದುಡ್ಡು ಎಂದು ನಾನು ಹೇಳುತ್ತೇನೆ. ಈ ಅರ್ಥದಲ್ಲಿ ಮದುವೆಯಾಗಿ ಹೋದ ತಂಗಿಯನ್ನು ಹಬ್ಬಕ್ಕೆ ಕರೆದು, ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಗೌರವಸ್ಥನೂ ಆಡಿದ್ದು ಓಸಿಯನ್ನೇ. ಅವನ ಬಾಲ್‌ಪೆನ್ನನ್ನು ಯಾರೂ ವಶಪಡಿಸಿಕೊಳ್ಳುವುದಿಲ್ಲ.

ಇದನ್ನು ಕನ್ನಡದಲ್ಲಿ ಸರಿಯಾಗಿ ಹಿಡಿದದ್ದು ರಾಮ್ ರೆಡ್ಡಿಯವರ ‘ತಿಥಿ’. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ನಟರಲ್ಲದ ಊರಿನವರನ್ನೇ ಇಟ್ಟುಕೊಂಡು ತೆಗೆದ ಚಿತ್ರ. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಮಾರುವ ಆತುರ. ಜಮೀನು ದಾಟಿ ಬರಬೇಕಾದದ್ದು ಅವನ ಅಪ್ಪ ಗಡ್ಡಪ್ಪನ ಮೂಲಕ. ಗಡ್ಡಪ್ಪನಿಗೋ ಜಮೀನೂ ಬೇಡ, ಸಹಿಯೂ ಬೇಡ, ಕ್ವಾರ್ಟರ್ ಬಾಟಲಿ ಹಿಡಿದು ಹೊಲದ ಬದುಗಳಲ್ಲಿ ನಡೆಯುತ್ತಿದ್ದರೆ ಸಾಕು. ತಮ್ಮಣ್ಣ ಬದುಕಿರುವ ಅಪ್ಪನಿಗೆ ಮರಣಪತ್ರ ಮಾಡಿಸಿ, ಕೈಗೆ ದುಡ್ಡು ಕೊಟ್ಟು ದೇಶ ಸುತ್ತಿ ಬಾ ಎಂದು ಸಾಗಹಾಕುತ್ತಾನೆ. ಅಪ್ಪ ದೂರವೆಲ್ಲೂ ಹೋಗದೆ ಕುರುಬರ ಮಂದೆಯ ಜೊತೆ ಉಳಿಯುತ್ತಾನೆ. ಈ ಚಿತ್ರದಲ್ಲಿ ಅಭಿ ಎಂಬ ಪೋಲಿ ಹುಡುಗನೂ ಇದ್ದಾನೆ, ಆದರೆ ಬಿಟ್ಟಿ ದುಡ್ಡಿಗೆ ನಿಜವಾಗಿ ಬಲಿಬಿದ್ದವನು ಸಂಸಾರಸ್ಥ ತಮ್ಮಣ್ಣ. ಅವನು ದುಡಿಯುತ್ತಾನೆ, ಓಡಾಡುತ್ತಾನೆ, ಬಡ್ಡಿಗೆ ಸಾಲ ತಂದು ಲಂಚ ಕೊಡುತ್ತಾನೆ, ಚಿತ್ರದಲ್ಲಿ ಅವನಷ್ಟು ಬೆವರಿದವರಿಲ್ಲ. ನಾವು ನಗುವುದು ಆ ಬೆವರಿಗೆ.

ನಮ್ಮ ಕಡೆ ಈಗ ಚೀಟಿ ಬರೆಯುವವನ ಜಾಗಕ್ಕೆ ಫೋನು ಬರತೊಡಗಿದೆ. ಸರ್ಕಾರ 2007ರಲ್ಲಿ ಲಾಟರಿ ನಿಲ್ಲಿಸಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ ಕೇಂದ್ರ 2025ರಲ್ಲಿ ಕಾನೂನು ತಂದಿತು. ನಿಷೇಧದ ಸರಿತಪ್ಪು ವಕೀಲರಿಗಿರಲಿ. ಚೀಟಿ ಬರೆಯುವವನಿಗೆ ಹುಡುಗ ಯಾರ ಮಗನೆಂದು ಗೊತ್ತಿತ್ತು, ಸೋತ ಸುದ್ದಿ ಸಂಜೆಯೊಳಗೆ ಮನೆ ಮುಟ್ಟುತ್ತಿತ್ತು, ಅಪ್ಪ ಚಪ್ಪಲಿ ಮೆಟ್ಟಿ ಪೇಟೆಗೆ ಬರುತ್ತಿದ್ದ. ಹಾಸ್ಯಚಿತ್ರಕ್ಕೆ ಬೇಕಾದದ್ದು ಈ ಅಪ್ಪ. ಬಾಗಿಲು ಹಾಕಿಕೊಂಡು ಫೋನಿನಲ್ಲಿ ಸೋಲುವವನ ಮೇಲೆ ಯಾರ ಯಾರ ಹಕ್ಕಿತ್ತೆಂದು ಮನೆಯವರಿಗೆ ತಿಳಿಯುವುದು ಸಾಲ ವಸೂಲಿಯವರ ಫೋನು ಬಂದಾಗ. ಅದನ್ನು ಯಾವ ನಿರ್ದೇಶಕ ನಗಿಸುವಂತೆ ತೆಗೆದಾನು, ನನಗಂತೂ ಹೊಳೆಯುತ್ತಿಲ್ಲ.